ಕೊಳವೆಯಲ್ಲಿ ಉಳಿದ ರಕ್ತ

ಇದು ಕಟ್ಟುಕತೆಯಲ್ಲ, ನಮ್ಮ ನಾದಿನಿಗೇ ಆದದ್ದು. ಆಸ್ಪತ್ರೆಯಲ್ಲಿ ರಕ್ತ ಸೋಸುವ ಯಂತ್ರ ನೋಡಿಕೊಳ್ಳುವ ನರ್ಸು ಅವಳು. ಅವತ್ತು ತಡರಾತ್ರಿ ಹಾಳುಬಾವಿಯ ಪಕ್ಕದ ದಾರಿಯಲ್ಲಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಹಿಂದೆ ಸದ್ದು. ಗುರ್ರ್... ಟಕ್. ಗುರ್ರ್... ಟಕ್.

ಯಂತ್ರದ ಪಂಪು. ಹನ್ನೆರಡು ವರ್ಷ ಕೇಳಿದ ಕಿವಿ, ಗುರುತು ತಪ್ಪುವುದುಂಟೆ? ಆದರೆ ಯಂತ್ರ ಆಸ್ಪತ್ರೆಯಲ್ಲಿತ್ತು.

ಆ ಸಂಜೆ ಅದಕ್ಕೆ ಜೋಡಿಸಿದ್ದ ರೋಗಿ ಕಸಾಯಿಖಾನೆಯಲ್ಲಿ ಚರ್ಮ ಸುಲಿಯುವ ಹೆಂಗಸು. ದನದ ಮೈಮೇಲಿನ ಉಣುಗು ಕಚ್ಚಿ ಜ್ವರ ಏರಿತ್ತು. ಒಸಡು, ಮೂಗು, ಸೂಜಿ ಚುಚ್ಚಿದ ಕಡೆಯೆಲ್ಲ ರಕ್ತ ಜಿನುಗುತ್ತಿತ್ತು, ಮೂತ್ರ ಕಟ್ಟಿತ್ತು. ಕತ್ತಿಗೆ ಕೊಳವೆ ಹಾಕಿ, ರಕ್ತ ಹೊರಗೆಳೆದು, ಸೋಸಿ ಒಳಗೆ ಬಿಡುತ್ತಿದ್ದರು. ಮೂರನೆಯ ದಿನ ಕಣ್ಣು ಬಿಟ್ಟಿದ್ದಳು. ಉಳಿಯುತ್ತಾಳೆ ಅಂದಿದ್ದರು ಡಾಕ್ಟರು.

ಮೂರು ದಿನಕ್ಕೊಮ್ಮೆ ಯಂತ್ರದ ಕೊಳವೆ ಬದಲಿಸಬೇಕು. ಬದಲಿಸುವ ಮುಂಚೆ ಅದರೊಳಗಿನ ಒಂದು ಲೋಟ ರಕ್ತವನ್ನು ಉಪ್ಪುನೀರು ಬಿಟ್ಟು ಮೆಲ್ಲಗೆ ರೋಗಿಗೇ ಹಿಂದಿರುಗಿಸಬೇಕು. ಹತ್ತು ನಿಮಿಷದ ಕೆಲಸ. ಪಾಳಿ ಮುಗಿಯಲು ಇದ್ದದ್ದು ಐದೇ ನಿಮಿಷ. ಮನೆಯಲ್ಲಿ ಹಾಲಿನ ಪಾತ್ರೆ ಬೋರಲು ಹಾಕಿ ಕೊನೆಯ ಹನಿಗೂ ಕಾಯುವ ಮಹಾತಾಯಿ, ಕೊಳವೆಯನ್ನು ರಕ್ತದ ಸಮೇತ ಬುಟ್ಟಿಗೆ ಎಸೆದಳು.

"ಅಕ್ಕಾ, ಅದು ನಂದಲ್ವಾ?" ಅಂದಳು ಹೆಂಗಸು.

ಹೋಗುವಾಗ ಹೊತ್ತುಕೊಂಡು ಹೋಗುತ್ತೀಯಾ, ಸುಮ್ಮನೆ ಬಿದ್ದುಕೋ ಅಂತ ಗದರಿದಳಂತೆ ನಾದಿನಿ. ಹೊಸ ಕೊಳವೆ ಜೋಡಿಸುವಷ್ಟರಲ್ಲಿ ಬಿಪಿ ಇಳಿದು ಹೆಂಗಸು ಹೋಗೇಬಿಟ್ಟಳು. ಜ್ವರ ವಿಪರೀತವಾಗಿ ಸಾವು ಅಂತ ಬರೆದದ್ದಾಯಿತು. ಹೆಣ ಸುತ್ತಿ ಹೊರಡುವಾಗ ಇಷ್ಟು ಹೊತ್ತಾಗಿತ್ತು.

ಬಾವಿಯ ಹತ್ತಿರ ಸದ್ದು ನಿಂತಿತು. ಕತ್ತಿಗೆ ತಣ್ಣನೆಯ ಬೆರಳು ತಗುಲಿತು.

"ಅಕ್ಕಾ... ಒಂದು ಲೋಟ."

"ನಾಳೆ... ನಾಳೆ ಕೊಡ್ತೀನಿ, ಬಿಡು."

"ನಿಮಗೆ ಹೊತ್ತಾಯ್ತು, ನಡೀರಿ... ನಾನೇ ತಗೋತೀನಿ."

ಬಾಗಿಲು ತೆಗೆದ ನಮ್ಮತ್ತೆ, ಮಗಳ ಮುಖ ನೋಡಿ ಹೌಹಾರಿದರು. ಸುಣ್ಣ ಬಳಿದ ಹಾಗಿತ್ತು. ಕತ್ತಿನಲ್ಲಿ ಹತ್ತಿ, ಮೇಲೆ ಪಟ್ಟಿ.

ಅಂದಿನಿಂದ ವಾರಕ್ಕೊಂದು ಬೆಳಿಗ್ಗೆ ಹೊಸ ಪಟ್ಟಿ. ಮೂರು ಬಾಟಲಿ ರಕ್ತ ಏರಿಸಿದರು, ಮೈಯಲ್ಲಿ ನಿಲ್ಲುತ್ತಿಲ್ಲ. ಅತ್ತೆ ಮಂಚ ಬಿಟ್ಟು ಏಳದೆ ಕಾದರು, ಅಂಟಿಸಿದವರು ಕಾಣಲಿಲ್ಲ. ಈಗ ನಾದಿನಿಗೆ ಎದ್ದು ಕೂರಲೂ ಆಗುವುದಿಲ್ಲ, ಲೋಟವನ್ನೂ ನಾವೇ ಹಿಡಿದು ಕುಡಿಸಬೇಕು.

ಸುಳ್ಳು ಅನ್ನುವವರು ಬಂದು ನೋಡಿ. ಇವತ್ತಿನ ಪಟ್ಟಿ ಬಿಚ್ಚಿದವಳು ನಾನೇ. ನರ್ಸುಗಳು ಬರೆಯುವ ಹಾಗೆ ಅದರ ಮೇಲೆ ತಾರೀಕು, ವೇಳೆ ಬರೆದಿದೆ. ಅಕ್ಷರ ನಮ್ಮ ನಾದಿನಿಯದೇ.