ಬರ್ತೀವಿ ಅಂತ ಬಡಿದದ್ದು

ದೀಪ ಸ್ವಲ್ಪ ಸಣ್ಣ ಮಾಡಿ. ಸಾಕು... ಅಷ್ಟು ಸಾಕು.

ಇದು ಅವರಿವರು ಹೇಳಿ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಮನೆಯಲ್ಲಿ ಎಲ್ಲರೂ ಅವನನ್ನು ನಕ್ಷೆ ಅಂತಲೇ ಕರೆಯುವುದು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ದೊಡ್ಡಮ್ಮ ಸೋಪು ತಾ ಅಂತ ಕಳಿಸಿದರೆ ಮೂರು ದಿನ ಬಿಟ್ಟು ಬರುತ್ತಿದ್ದ, ಅದೂ ಸೋಪಿಲ್ಲದೆ. ಅವನ ಬ್ಯಾಗಿನಲ್ಲಿ ಬಟ್ಟೆಗಿಂತ ನಕ್ಷೆಗಳೇ ಹೆಚ್ಚು.

ಒಂದು ರಾತ್ರಿ ನಾವಿಬ್ಬರೂ ತಡವಾಗಿ ಮನೆಗೆ ಬರುತ್ತಿದ್ದೆವು. ನಮ್ಮ ಬೀದಿಯ ಮೂಲೆಯಲ್ಲಿ ಬಾವಿ ಇದೆಯಲ್ಲ, ಅದನ್ನು ದಾಟಬೇಕು. ಯಾರೋ ಬಕೆಟ್ಟನ್ನು ಹಗ್ಗದಲ್ಲೇ ಬಿಟ್ಟು ಹೋಗಿದ್ದರು. ಗಾಳಿ ಬೀಸಿತು. ಬಕೆಟ್ಟು ಹೋಗಿ ಒಳಗಿನ ಕಲ್ಲಿಗೆ ತಾಗಿತು.

ಟಣ್.

ಸ್ವಲ್ಪ ಬಿಟ್ಟು... ಟಣ್. ಟಣ್.

ನಕ್ಷೆ ನನ್ನ ಮಣಿಕಟ್ಟು ಹಿಡಿದುಕೊಂಡ. ಉಗುರು ಚರ್ಮಕ್ಕಿಳಿಯಿತು. "ಉತ್ತರ ಕೊಡಬೇಡ," ಅಂದ, ಪಿಸುದನಿಯಲ್ಲಿ.

"ಬಕೆಟ್ಟು ಕಣೋ ಅದು."

"ಗೊತ್ತು. ಆದರೂ ಕೊಡಬೇಡ."

ಆಮೇಲೆ ಅಲ್ಲೇ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಕೂತವನು ಬೆಳಗಿನ ಜಾವದವರೆಗೆ ಏಳಲಿಲ್ಲ. ಅವನು ಆ ರಾತ್ರಿ ಹೇಳಿದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಅದಕ್ಕೆ ಹಿಂದಿನ ವರ್ಷ ಅವನಿಗೆ ಒಂದು ದೊಡ್ಡ ನದಿಯನ್ನು ಪೂರ್ತಿ ನೋಡಬೇಕು ಅನ್ನೋ ಹುಚ್ಚು ಹತ್ತಿತ್ತು. ಒಂದೇ ನೆಗೆತಕ್ಕೆ ದಾಟಬಹುದಾದ ಗುಡ್ಡದ ತೊರೆಯಿಂದ ಹಿಡಿದು, ಆಚೆ ದಡವೇ ಕಾಣದ ಅಳಿವೆಯವರೆಗೆ. ಬಸ್ಸಿನಲ್ಲಿ, ನಡೆದು, ಸಿಕ್ಕಿದ ದೋಣಿಯಲ್ಲಿ ಹೋದ. ಇಟ್ಟಿಗೆ ಸುಡುವವರ ಮನೆಯಲ್ಲಿ ಮಲಗಿದ, ದೋಣಿ ಕಟ್ಟುವವರ ಜೊತೆ ಉಂಡ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದ. ಎರಡು ತಿಂಗಳು ಹೀಗೇ ಕಳೆಯಿತು. ಕೊನೆಯ ನಾಲ್ಕು ದಿನದ ದಾರಿಗೆ ರಸ್ತೆಯೇ ಇಲ್ಲ. ಸಿಮೆಂಟು ಹೊತ್ತ ಕಬ್ಬಿಣದ ದೊಡ್ಡ ದೋಣಿಯೊಂದು ಅಳಿವೆಯ ಊರಿಗೆ ಹೊರಟಿತ್ತು. ಅದರ ಚುಕ್ಕಾಣಿ ಹಿಡಿದ ಮುದುಕನನ್ನು ಕಾಡಿ ಬೇಡಿ ಹತ್ತಿಕೊಂಡ.

ಆ ಮುದುಕನಿಗೆ ಎಲ್ಲರೂ ಅಜ್ಜ ಅನ್ನುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆದರೆ ಕಿವಿ ಬಹಳ ಚುರುಕು. ಇಂಜಿನ್ನಿನ ಸದ್ದು ಕೇಳಿಯೇ ಕೆಳಗೆ ಎಷ್ಟು ಆಳ ಇದೆ ಅಂತ ಹೇಳುತ್ತಿದ್ದ.

ಮೂರನೆಯ ಸಂಜೆ ಮಂಜು ಇಳಿಯಿತು. ಎಂಥ ಮಂಜು ಅಂದರೆ ಚಾಚಿದ ಕೈ ಕಾಣದು. ಮುಂದೆ ನದಿ ಎಡಕ್ಕೆ ತಿರುಗುವ ಜಾಗ. ಅದನ್ನು ಹೇಗಾದರೂ ದಾಟಿಬಿಡಬೇಕು ಅಂತ ಅಜ್ಜ ಹಟ ಹಿಡಿದ. ಆಗಲಿಲ್ಲ. ಲಂಗರು ಬಿಟ್ಟ. ಸರಪಳಿ ಗರಗರ ಅಂತ ಇಳಿಯಿತು, ನಿಂತಿತು. ಇಂಜಿನ್ ನಿಲ್ಲಿಸಿದ.

"ಇಲ್ಲೇ ನಿಲ್ಲಬೇಕಾಯ್ತಾ..." ಅಂತ ತನಗೆ ತಾನೇ ಅಂದುಕೊಂಡ. ಆಮೇಲೆ ನಕ್ಷೆಯ ಕಡೆ ತಿರುಗಿ, "ಮೇಲೇ ಮಲಗು ಮಗ. ಕೆಳಗೆ ಇಳಿಬೇಡ," ಅಂದ.

ಇವನು ಮೇಲೇ ಚಾಪೆ ಬಿಡಿಸಿದ.

ಮಧ್ಯರಾತ್ರಿ ಹೊತ್ತಿಗೆ ಹೊದಿಕೆ ನೆನೆದು ತೊಪ್ಪೆಯಾಯಿತು. ಹಲ್ಲು ಕಟಕಟ ಅನ್ನತೊಡಗಿತು. ಇವನು ಮೆಲ್ಲಗೆ ಏಣಿ ಇಳಿದು ಸರಕಿನ ಕೋಣೆಗೆ ಹೋದ, ಸಿಮೆಂಟು ಚೀಲಗಳ ಪಕ್ಕ, ತಳದ ಕಬ್ಬಿಣದ ಮೇಲೇ ಚಾಪೆ ಹಾಕಿ ಮಲಗಿದ. ಬೆಚ್ಚಗಿತ್ತು. ಹೊರಗೆ ನೀರು ಚಳ್... ಚಳ್... ಅಂತ ಪಕ್ಕಕ್ಕೆ ತಾಗುತ್ತಿತ್ತು. ಕಣ್ಣು ಎಳೆಯುತ್ತಿತ್ತು.

ಟಣ್. ಟಣ್. ಟಣ್.

ಕೆಳಗಿನಿಂದ. ಸರಿಯಾಗಿ ಬೆನ್ನ ಕೆಳಗಿನಿಂದ.

ತೇಲಿ ಬಂದ ಮರದ ದಿಮ್ಮಿ ಇರಬೇಕು ಅಂದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಟಣ್. ಟಣ್. ಟಣ್. ಒಂದೇ ಅಳತೆ, ಅವಸರವೇ ಇಲ್ಲ. ದಿಮ್ಮಿ ಹೀಗೆ ಎಣಿಸಿ ಬಡಿಯುತ್ತದೆಯೇ ಅಂತ ಇವನಿಗೆ ತಮಾಷೆ ಅನ್ನಿಸಿತು. ಕೈಗೆ ಸಿಕ್ಕ ಸ್ಟೀಲ್ ನೀರಿನ ಬಾಟಲಿ ತೆಗೆದುಕೊಂಡು ಇವನೂ ಬಡಿದ.

ಟಣ್. ಟಣ್. ಟಣ್.

ಕೆಳಗೆ ಎಲ್ಲ ನಿಂತಿತು. ನೀರಿನ ಸದ್ದೂ ನಿಂತ ಹಾಗಾಯಿತು. ಆಮೇಲೆ ಒಂದೇ ಒಂದು ಬಡಿತ. ಮೆತ್ತಗೆ. ಮಾತು ಕೇಳಿಸಿಕೊಂಡವರು 'ಹೂಂ' ಅನ್ನುತ್ತಾರಲ್ಲ, ಹಾಗೆ.

ಏಣಿಯ ಮೇಲೆ ದಡದಡ ಹೆಜ್ಜೆ. ಅಜ್ಜ ಟಾರ್ಚು ಹಿಡಿದು ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರು ಬಡಿದದ್ದು?"

"ನಾನೇ ಅಜ್ಜ. ಸುಮ್ನೆ..."

"ಎಷ್ಟು ಸಲ?"

"ಮೂರು."

ಅಜ್ಜ ಚೀಲದ ಮೇಲೆ ಕೂತುಬಿಟ್ಟ. ಟಾರ್ಚನ್ನು ಮಡಿಲಲ್ಲಿಟ್ಟುಕೊಂಡ.

"ಹನ್ನೊಂದು ವರ್ಷ ಆಯ್ತು. ಇದೇ ತಿರುವಲ್ಲಿ ಜನ ತುಂಬಿದ ಲಾಂಚು ಮಗುಚಿತು. ತಳ ಮೇಲಾಗಿ ತೇಲ್ತಾ ಇತ್ತು. ಒಳಗೆ ಗಾಳಿ ಉಳಿದಿತ್ತು... ನಲವತ್ತು ಚಿಲ್ಲರೆ ಜನಾನೂ ಉಳಿದಿದ್ರು. ಒಳಗಿಂದ ಬಡೀತಿದ್ರು, ಹುಚ್ಚು ಹಿಡಿದೋರ ಹಾಗೆ. ಮೊದಲು ಹತ್ತಿರ ಹೋದೋನು ನಾನು. ತಳದ ಮೇಲೆ ನಿಂತಿದ್ದೆ. ಕೈಯಲ್ಲಿ ಸ್ಪ್ಯಾನರ್ ಇತ್ತು. ಮೂರು ಸಲ ಬಡಿದೆ. ಬರ್ತೀವಿ ಅಂತ. ಅವರಿಗೆ ಬೇರೆ ಹೇಗೆ ಹೇಳೋದು?"

"ಆಮೇಲೆ?"

"ಸುಮ್ಮನಾದ್ರು. ಎಲ್ಲರೂ ಒಟ್ಟಿಗೆ. ಆಮೇಲೆ ಗಂಟೆಗೊಂದು ಸಲ ಅವರು ಮೂರು ಬಡೀತಿದ್ರು, ಇದ್ದೀವಿ ಅಂತ. ನಾನು ಮೂರು ಬಡೀತಿದ್ದೆ, ಬರ್ತೀವಿ ಅಂತ. ಎರಡು ದಿನ."

"ತಳ ಕತ್ತರಿಸಬಹುದಿತ್ತಲ್ಲ ಅಜ್ಜ?"

"ತೂತು ಮಾಡಿದ್ರೆ ಗಾಳಿ ಹೋಗಿ ಮುಳುಗುತ್ತೆ, ಕ್ರೇನ್ ಬರಲಿ ಅಂದ್ರು ದೊಡ್ಡೋರು. ಬರಲಿಲ್ಲ. ಎರಡನೇ ರಾತ್ರಿ ನೀರು ಏರ್ತು, ಸೆಳೆತ ಹೆಚ್ಚಾಯ್ತು. ಲಾಂಚು ಇಳೀತಾ ಇದ್ದಾಗಲೂ..." ಅಜ್ಜ ಅಂಗೈಯನ್ನು ತಳದ ಕಬ್ಬಿಣದ ಮೇಲಿಟ್ಟ. "ಆಗಲೂ ಮೂರೇ ಸಲ ಬಡಿದ್ರು ಮಗ. ನಿಧಾನವಾಗಿ. ಆ ಬಡಿತದಲ್ಲಿ ಗಾಬರಿ ಇರಲಿಲ್ಲ. ನಂಬಿದ್ದರು."

ಮಾರನೆಯ ದಿನ ಮಧ್ಯಾಹ್ನ ಅಳಿವೆಯ ಊರು ಮುಟ್ಟಿದರು. ನದಿ ಮುಗಿಯುವುದೆಲ್ಲಿ, ಸಮುದ್ರ ಶುರುವಾಗುವುದೆಲ್ಲಿ ತಿಳಿಯದ ಜಾಗ. ಐಸ್ ಫ್ಯಾಕ್ಟರಿ, ಮೀನಿನ ಕ್ರೇಟುಗಳ ಸಾಲು, ಗೋಡೆಗೋಡೆಗೂ ತೂಗುಹಾಕಿದ ಬಲೆ. ನಕ್ಷೆ ಎರಡು ತಿಂಗಳು ಕನಸು ಕಂಡ ಊರು. ಆದರೆ ಅವನಿಗೆ ಯಾವುದೂ ರುಚಿಸಲಿಲ್ಲ. ನೋಟ್‌ಬುಕ್ ತೆರೆಯಲೂ ಇಲ್ಲ.

ಬಲೆ ಹೆಣೆಯುವ ಹೆಂಗಸೊಬ್ಬಳ ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ಐವತ್ತರ ಹತ್ತಿರದವಳು, ಒಂಟಿ. ಇವನು ಅಕ್ಕ ಅಂದ, ಅವಳು ತಮ್ಮ ಅಂದಳು. ಮನೆ ಮರದ ಕಂಬಗಳ ಮೇಲೆ ನಿಂತಿತ್ತು. ಉಬ್ಬರ ಬಂದರೆ ನೆಲದ ಹಲಗೆಯ ಕೆಳಗೇ ನೀರು.

ರಾತ್ರಿ ಉಬ್ಬರ ಬಂತು.

ಟಕ್. ಟಕ್. ಟಕ್.

ಮಂಚದ ಕೆಳಗಿನ ಹಲಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು. ಇವನು ಮಂಚದ ಮೇಲೆ ಮೊಣಕಾಲು ತಬ್ಬಿ ಕೂತ. ಕಿವಿ ಮುಚ್ಚಿದರೂ ಮಂಚದ ಕಾಲು ಅದುರುವುದು ಗೊತ್ತಾಗುತ್ತಿತ್ತು. ಬಡಿತದಲ್ಲಿ ಸಿಟ್ಟಿಲ್ಲ, ಬೆದರಿಕೆ ಇಲ್ಲ. ಬಾಗಿಲ ಹೊರಗೆ ಮರ್ಯಾದೆಯಿಂದ ಕಾದು ನಿಂತವರ ಬಡಿತ. ಅದನ್ನೇ ತಡೆಯಲಾಗಲಿಲ್ಲ ಅಂತ ನಕ್ಷೆ ನನಗೆ ಹೇಳಿದ.

ಮೂರನೆಯ ರಾತ್ರಿ ಅಕ್ಕ ಲಾಟೀನು ಹಿಡಿದು ಬಾಗಿಲಿಗೆ ಬಂದಳು.

"ನಿದ್ದೆ ಮಾಡ್ತಾ ಇಲ್ಲ ನೀನು. ಏನು ಕೇಳಿಸ್ತಿದೆ?"

"ನಿಮಗೆ ಕೇಳಿಸ್ತಿಲ್ವಾ ಅಕ್ಕ?"

"ಏನು ಅಂತ ಹೇಳು."

ಹೇಳಿದ. ತಿರುವು, ಮಂಜು, ಬಾಟಲಿ, ಎಲ್ಲವನ್ನೂ. ಅಕ್ಕ ಲಾಟೀನು ಕೆಳಗಿಟ್ಟಳು. ನೆಲದ ಮೇಲೆ ಬೋರಲು ಮಲಗಿ ಹಲಗೆಗೆ ಕಿವಿ ಹಚ್ಚಿದಳು. ಅದೇ ಹೊತ್ತಿಗೆ ಇವನಿಗೆ ಕೇಳಿಸಿತು, ಅವಳ ಕೆನ್ನೆಯ ನೇರ ಕೆಳಗೆ. ಟಕ್. ಟಕ್. ಟಕ್.

"ಈಗ?" ಅಂದಳು.

"ಈಗಲೇ ಬಡೀತು ಅಕ್ಕ."

ಅವಳು ತಲೆ ಎತ್ತಲಿಲ್ಲ. "ನನಗೆ ಕೇಳಿಸ್ತಿಲ್ಲ," ಅಂದಳು. "ಹನ್ನೊಂದು ವರ್ಷದಿಂದ ಕಿವಿ ಕೊಟ್ಟು ಕೂತಿದ್ದೀನಿ. ಒಂದೇ ಒಂದು ಸಲ ಕೇಳಿಸಿಲ್ಲ. ನನ್ನ ಮಗಳು ಆ ಲಾಂಚಲ್ಲಿದ್ದಳು, ತಮ್ಮ. ಹದಿನಾಲ್ಕು ವರ್ಷ. ಕನ್ನಡಕ ಮಾಡಿಸಿಕೊಂಡು ಬರ್ತಾ ಇದ್ದಳು. ನಾನು ಜೊತೆಗೆ ಹೋಗಬೇಕಿತ್ತು... ಬಲೆ ಕೊಡೋ ದಿನ ಅಂತ ಹೋಗಲಿಲ್ಲ. ದಡದಲ್ಲಿ ನಿಂತಿದ್ದೆ ಎರಡು ದಿನ. ಅಷ್ಟು ದೂರಕ್ಕೆ ಬಡಿತ ಕೇಳಿಸ್ತಿರಲಿಲ್ಲ."

ಇವನು ಮಂಚದಿಂದ ಇಳಿದು ಅವಳ ಪಕ್ಕ ಕೂತ.

ಅಕ್ಕ ಎದ್ದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. "ಬರ್ತೀನಿ ಅಂದಿದ್ದೀಯಲ್ಲ. ಹೋಗಬೇಕು," ಅಂದಳು.

ಮರುದಿನ ಅವಳೇ ಅಜ್ಜನ ಮನೆಗೆ ಹೋದಳು. ಒಂದೇ ಊರಿನಲ್ಲಿದ್ದೂ ಹನ್ನೊಂದು ವರ್ಷ ಅವರಿಬ್ಬರ ನಡುವೆ ಮಾತಿರಲಿಲ್ಲವಂತೆ. ಅಜ್ಜ ಅವಳನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದನಂತೆ. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ದೋಣಿ ನನ್ನದು. ಹುಟ್ಟು ನೀವು ಹಾಕಬೇಕು ಅಜ್ಜ."

ಅಜ್ಜ ಚಪ್ಪಲಿ ಮೆಟ್ಟಿಕೊಂಡ.

ಅಳಿವೆಯಿಂದ ತಿರುವಿನವರೆಗೆ ಮೀನಿನ ಬೋಟೊಂದು ಇವರ ಮರದ ಚಿಕ್ಕ ದೋಣಿಯನ್ನು ಎಳೆದುಕೊಂಡು ಹೋಗಿ ಬಿಟ್ಟಿತು. ಕತ್ತಲಾಗುತ್ತಿತ್ತು. ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಅಂಥ ಹೊತ್ತು. ಹುಟ್ಟಿನ ತುದಿಯಿಂದ ಹನಿ ಬೀಳುವುದು ಕೇಳಿಸುತ್ತಿತ್ತು. ಟಪ್... ಟಪ್...

ಅಜ್ಜ ಹುಟ್ಟು ಒಳಗೆಳೆದುಕೊಂಡ. "ಇಲ್ಲೇ," ಅಂದ.

ಅಕ್ಕ ದೋಣಿಯ ತಳದಲ್ಲಿ ಬೋರಲು ಮಲಗಿದಳು. ಕಿವಿ ಹಲಗೆಗೆ.

ಟಕ್. ಟಕ್. ಟಕ್.

"ಬಂತು," ಅಂದ ನಕ್ಷೆ.

ಅಜ್ಜನ ಹೆಗಲು ಕುಲುಕಿತು. ಅವನಿಗೂ ಕೇಳಿಸಿತ್ತು. ಅಕ್ಕ ಇಲ್ಲ ಅಂತ ತಲೆಯಾಡಿಸಿದಳು. ಕಣ್ಣು ಮುಚ್ಚಿದಳು. ತುಟಿಯನ್ನು ಹಲಗೆಗೆ ತಾಗಿಸಿ, ನಿದ್ದೆಯಲ್ಲಿದ್ದ ಮಗುವಿನ ಕಿವಿಯಲ್ಲಿ ಹೇಳುವಷ್ಟು ಮೆಲ್ಲಗೆ ಹೇಳಿದಳು.

"ಯಾರೂ ಬರ್ತಿಲ್ಲ ಮಗಳೇ. ಅವತ್ತೂ ಯಾರೂ ಬರಲಿಲ್ಲ. ಸುಳ್ಳು ಹೇಳಿದ್ವಿ... ಇನ್ನು ಕಾಯಬೇಡ. ಬೇರೆಯವರಿಗೂ ಹೇಳು."

ಸದ್ದಿಲ್ಲ.

ಹನಿ ಬೀಳುವುದೂ ನಿಂತಿತ್ತು.

ಆಮೇಲೆ ಶುರುವಾಯಿತು.

ಮೂರಲ್ಲ. ಎಣಿಕೆಯೇ ಇಲ್ಲ. ದಬದಬದಬದಬ ಅಂತ ಇಡೀ ತಳಕ್ಕೆ ಒಟ್ಟಿಗೆ, ಮೂತಿಯಿಂದ ಹಿಂಬದಿಯವರೆಗೆ. ಮುಷ್ಟಿಯ ಸದ್ದು, ಅಂಗೈಯ ಸದ್ದು, ಉಗುರು ಹಲಗೆಯನ್ನು ಪರಪರ ಕೆರೆಯುವ ಸದ್ದು. ಹನ್ನೊಂದು ವರ್ಷ ತಡೆದಿಟ್ಟುಕೊಂಡಿದ್ದ ಗಾಬರಿಯೆಲ್ಲ ಒಂದೇ ಸಲ. ದೋಣಿ ನಿಂತ ನೀರಿನಲ್ಲಿ ಗಡಗಡ ಅದುರಿತು. ನಕ್ಷೆ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದನಂತೆ, ಆದರೆ ತನ್ನ ಕೂಗು ತನಗೇ ಕೇಳಿಸಲಿಲ್ಲವಂತೆ. ಅಜ್ಜ ಕೈ ಮುಗಿದು ಕೂತಿದ್ದ. "ತಪ್ಪಾಯ್ತು... ತಪ್ಪಾಯ್ತು..." ಅನ್ನುವಂತೆ ಬಾಯಿ ಆಡುತ್ತಿತ್ತು.

ಅಕ್ಕ ಮಾತ್ರ ಅಲುಗಲಿಲ್ಲ. ಹಲಗೆಗೆ ಹಚ್ಚಿದ ಕೆನ್ನೆ ಹಚ್ಚಿದ ಹಾಗೇ ಇತ್ತು. ತೆರೆದ ಕಣ್ಣಿನಿಂದ ನೀರು ಇಳಿದು ಮೂಗಿನ ಮೇಲೆ ಹರಿಯುತ್ತಿತ್ತು.

"ಕೇಳಿಸ್ತು," ಅಂದಳು. "ಈಗ ಕೇಳಿಸ್ತು ತಮ್ಮ."

ತಟ್ಟನೆ ನಿಂತಿತು. ಒಂದೊಂದಾಗಿ ಅಲ್ಲ, ಎಲ್ಲ ಒಟ್ಟಿಗೆ. ಆಮೇಲೆ ಹೊಳೆಯ ನೀರು ಮೆಲ್ಲಗೆ ಇಳಿಯತೊಡಗಿತು. ಇವರನ್ನೂ ಎಳೆದುಕೊಂಡು ಸಮುದ್ರದ ಕಡೆ ಹೊರಟಿತು.

ನಕ್ಷೆಗೆ ಅದಾದ ಮೇಲೆ ಬಡಿತ ಕೇಳಿಸಿಲ್ಲ. ಅಜ್ಜ ಮತ್ತೆ ಚುಕ್ಕಾಣಿ ಮುಟ್ಟಲಿಲ್ಲ, ಆ ಚಳಿಗಾಲದಲ್ಲೇ ಹೋಗಿಬಿಟ್ಟ. ನಕ್ಷೆ ಆ ನೋಟ್‌ಬುಕ್ಕನ್ನು ಇವತ್ತಿಗೂ ಮುಗಿಸಿಲ್ಲ. ಬ್ಯಾಗು ಅಟ್ಟದ ಮೇಲಿದೆ. ಈಗ ದೊಡ್ಡಮ್ಮ ಸೋಪು ತಾ ಅಂದರೆ ಐದು ನಿಮಿಷಕ್ಕೆ ತಂದುಕೊಡುತ್ತಾನೆ. ಅದನ್ನು ಕಂಡು ದೊಡ್ಡಮ್ಮ ಒಳಗೊಳಗೇ ಅಳುತ್ತಾಳೆ.

ಇದೆಲ್ಲ ಅವನ ಭ್ರಮೆ ಅನ್ನುತ್ತೀರೇನೋ. ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಹೋದ ವರ್ಷ ನಾನೇ ಆ ಅಳಿವೆಯ ಊರಿಗೆ ಹೋದೆ. ಅಕ್ಕ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದಳು. ನಾನು ಇಂಥವನ ತಮ್ಮ ಅಂದೆ. ಎದ್ದು ಮರಳಿನ ಮೇಲೆ ಮಗುಚಿ ಹಾಕಿದ್ದ ದೋಣಿಯ ಹತ್ತಿರ ಕರೆದುಕೊಂಡು ಹೋದಳು.

ತಳದ ಹೊರಬದಿ, ನೀರಲ್ಲಿರುವ ಬದಿ. ತಿರುವಿಗೆ ಹೋಗುವ ವಾರವಷ್ಟೇ ಅದಕ್ಕೆ ದಪ್ಪಗೆ ಟಾರು ಬಳಿಸಿದ್ದಳಂತೆ. ಎಲ್ಲ ಕಡೆ ಕರಿ ಟಾರು ಹಾಗೇ ಇತ್ತು. ನಡುವೆ ಒಂದು ಕಡೆ ಮಾತ್ರ, ಅವತ್ತು ಅವಳು ಒಳಗಿನಿಂದ ಕೆನ್ನೆ ಹಚ್ಚಿದ್ದ ಜಾಗದ ನೇರ ಆಚೆಗೆ, ಮುಖದಷ್ಟು ಅಗಲ, ಟಾರೇ ಇಲ್ಲ. ಬಿಳೀ ಮರ. ಕೆರೆದ ಗೀರು ಒಂದೂ ಇಲ್ಲ. ಬಹಳ ವರ್ಷ ಕೈಯಾಡಿ ನುಣುಪಾದ ಬಾಗಿಲ ಚೌಕಟ್ಟು ಇರುತ್ತದಲ್ಲ, ಹಾಗೆ ನಯವಾಗಿತ್ತು. ನಾನೇ ಮುಟ್ಟಿ ನೋಡಿದ್ದೇನೆ, ಈ ಕೈಯಿಂದಲೇ.

"ಮತ್ತೆ ಟಾರು ಹಾಕಿಸಲಿಲ್ವಾ ಅಕ್ಕ? ನೀರು ಬರಲ್ವಾ?" ಅಂತ ಕೇಳಿದೆ.

"ಎರಡು ಸಲ ಹಾಕಿಸಿದೆ," ಅಂದಳು. "ಹಿಡಿಯಲ್ಲ. ನೀರೂ ಬರಲ್ಲ."