ಹದಿನಾರು ಕೋರಿನ ಪ್ರೊಸೆಸರ್ ನಕಲಿಯಲ್ಲ ಎಂಬ ಬಗ್ಗೆ ರೋಹಿಣಿ ಗಂಜಿಯ ಹೇಳಿಕೆ

ನಾನು ರೋಹಿಣಿ ಗಂಡ ಕಿಶೋರ ಗಂಜಿ, ವಯಸ್ಸು 31, ಉದ್ಯೋಗ: ಕಂಪ್ಯೂಟರಿನಲ್ಲಿ ಸೀರೆಯ ಡಿಸೈನ್ ಮಾಡುವುದು, ಸಾ: ನೇಕಾರ ಓಣಿ, ಬೆಟಗೇರಿ. ಗದಗಿನ ಕಂಪ್ಯೂಟರ್ ಅಂಗಡಿಯ ರಫೀಕನವರ ಮೇಲೆ ಕಳೆದ ಸೋಮವಾರ ನಾನೇ ಕೊಟ್ಟ ದೂರಿನ ಸಂಬಂಧ, ಈ ದಿನ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ,

ಸೀರೆ ನೇಯುವ ಮೊದಲೇ ಅದು ಉಟ್ಟರೆ ಹೇಗೆ ಕಾಣುತ್ತದೆಂದು ವ್ಯಾಪಾರಿಗಳಿಗೆ ವಿಡಿಯೋ ಮಾಡಿ ತೋರಿಸುವುದು ನನ್ನ ಕೆಲಸವಿರುತ್ತದೆ. ಹಳೆಯ ಕಂಪ್ಯೂಟರಿಗೆ ಒಂದು ವಿಡಿಯೋ ತಯಾರಿಸಲು ಐವತ್ತು ನಿಮಿಷ ಬೇಕಾಗುತ್ತಿತ್ತು. ಆದ್ದರಿಂದ ದಿನಾಂಕ 06-02-2026ರಂದು ಸದರಿ ಅಂಗಡಿಗೆ ಹೋಗಿ, ಕೋರು ಹೆಚ್ಚಿದ್ದಷ್ಟೂ ಕೆಲಸ ಜೋರೆಂದು, ಇದ್ದುದರಲ್ಲೇ ಜೋರಾದ ಹದಿನಾರು ಕೋರಿನ ಪ್ರೊಸೆಸರ್ ಚಿಪ್ ಕೇಳಿದೆನು. ರಫೀಕನವರು, ನಿಮ್ಮ ಕೆಲಸಕ್ಕೆ ಎಂಟು ಕೋರಿನದು ಸಾಕು, ಇದರ ಬೆಲೆ ಅದರ ದುಪ್ಪಟ್ಟು ಎಂದರು. ನೇಕಾರರೆಂದರೆ ಅಗ್ಗದ್ದೇ ಒಯ್ಯಬೇಕೇನು ಎಂದು ನಾನು ಸಿಟ್ಟಿನಿಂದ ಕೇಳಿದೆನು. ಅವರು ಬಿಲ್ ಹರಿದು ಕೊಟ್ಟರು.

ಅದೇ ಸಂಜೆ ನನ್ನ ಗಂಡ ಮನೆಯಲ್ಲೇ ಅದನ್ನು ಜೋಡಿಸತೊಡಗಿದರು. ಹೊಸ ಮಗ್ಗಕ್ಕೆ ಮೊದಲ ಎಳೆ ಹಾಕುವ ಮುಂಚೆ ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ಗಂಡ ಕಂಪ್ಯೂಟರಿನ ಡಬ್ಬಿಯ ಮೇಲೆ ಕುಂಕುಮ ಹಚ್ಚಲು ಹೋದಾಗ ಅತ್ತೆಯವರಾದ ಶಂಕ್ರೆವ್ವ ತಡೆದು, "ಲೇ ಕಿಶ್ಯಾ, ಡಬ್ಬಿಗಿ ಹಚ್ಚಿದ್ರ ಏನ್ ಬಂತು? ದುಡಿಯೂದು ಯಾವ್ದೈತಿ, ಅದಕ್ಕ ಹಚ್ಚು" ಎಂದರು. ಮಾತು ನಮಗೆ ಸರಿ ಕಂಡಿತು. ಪ್ರೊಸೆಸರಿನ ನೆತ್ತಿಗೆ ಅರಿಷಿಣ, ಕುಂಕುಮ, ಮೇಲೆ ನಾಲ್ಕು ಅಕ್ಕಿಕಾಳು ಹಾಕಿ, ಅದರ ಮೇಲೆಯೇ ತಂಪು ಮಾಡುವ ಫ್ಯಾನ್ ಕೂರಿಸಿ ಬಿಗಿದೆವು. ಬಿಗಿಯುವಾಗ ಕಟಕ್ ಎಂದಿತು. ಶುಭವೆಂದುಕೊಂಡೆವು.

ವಿಡಿಯೋ ತಯಾರಿಸಲು ಹಚ್ಚಿದರೆ ಮೂವತ್ತೆಂಟು ನಿಮಿಷ ತೆಗೆದುಕೊಂಡಿತು. ಫ್ಯಾನ್ ಹಿಟ್ಟಿನ ಗಿರಣಿಯಂತೆ ಒದರುತ್ತಿತ್ತು. ನನ್ನ ಮೈ ಉರಿದುಹೋಯಿತು. ನನ್ನ ಮಾತು ಕೇಳಿಯೇ ಪ್ರೊಸೆಸರ್ ಕೊಳ್ಳಬೇಕೆಂದು ನಮ್ಮ ಓಣಿಯ ಆರು ಮನೆಯವರು ಕಾದಿದ್ದರು. ಅವರಿದ್ದ ವಾಟ್ಸಾಪ್ ಗ್ರೂಪಿನಲ್ಲಿ ರಫೀಕ ಕಳ್ಳ, ಮಾಲು ನಕಲಿ ಎಂದು ಬರೆದೆನು. ರಫೀಕನವರು ಫೋನ್ ಮಾಡಿದರೆ ನಾನು ಎತ್ತಲಿಲ್ಲ. ಸೋಮವಾರ ಇಲ್ಲಿಗೆ ಬಂದು ದೂರು ಕೊಟ್ಟೆನು.

ನಿನ್ನೆ ಬುಧವಾರ ಠಾಣೆಯ ಸಾಹೇಬರು ನನ್ನನ್ನೂ ರಫೀಕನವರನ್ನೂ ಕರೆಸಿದರು. ಅತ್ತೆಯವರೂ ಸೇರಿ ನಾವು ಕಂಪ್ಯೂಟರನ್ನು ಆಟೋದಲ್ಲಿ ತಂದೆವು. ರಫೀಕನವರು ಎಂಟು ಕೋರಿನ ಕಂಪ್ಯೂಟರೊಂದನ್ನು ತಂದಿದ್ದರು. ಅವರು ಎಲ್ಲರ ಎದುರಿಗೆ ನಮ್ಮ ಫ್ಯಾನ್ ಬಿಚ್ಚಿದರು. ಒಳಗೆ ಕುಂಕುಮ ಕರಕಲಾಗಿತ್ತು, ಅಕ್ಕಿ ನುಚ್ಚಾಗಿತ್ತು. ಕಾಳು ಅಡ್ಡ ಇದ್ದುದರಿಂದ ಫ್ಯಾನ್ ಪ್ರೊಸೆಸರಿಗೆ ತಾಗಿರಲೇ ಇಲ್ಲ, ಕಾವು ತಾಳದೆ ಅದು ತಾನೇ ನಿಧಾನವಾಗಿದೆ ಎಂದು ತಿಳಿಸಿದರು. ಸಾಹೇಬರು ನನ್ನನ್ನು ನೋಡಿದರು. ನಾನು ತಲೆಯ ಮೇಲಿನ ಛತ್ತು ನೋಡಿದೆನು.

ರಫೀಕನವರು ಅರಿವೆ ತೆಗೆದುಕೊಂಡರು, ಒರೆಸಲಿಲ್ಲ. "ಅವ್ವಾರ, ದೇವರ ಹೆಸರಲೆ ಹಚ್ಚೀರಿ. ನೀವ ಒರಸ್ರಿ" ಎಂದರು. ಅತ್ತೆಯವರು ಪ್ರೊಸೆಸರಿಗೆ ಕೈ ಮುಗಿದು, "ಎಲ್ಲಿ ಹಚ್ಚಬೇಕಂತ ನನಗ ಯಾರ ಹೇಳ್ಯಾರ? ನೀನ ಒರಸಪಾ, ಮಗನ" ಎಂದರು. ಆಗ ಅವರು ಒರೆಸಿ, ಕಾವು ಎಳೆಯುವ ಪೇಸ್ಟ್ ಹಚ್ಚಿ, ಫ್ಯಾನ್ ಕೂರಿಸಿದರು.

ಅದೇ ವಿಡಿಯೋ ಹಚ್ಚಿದೆವು. ಪೇದೆ ಮಮತಾ ಅವರು ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದರು. ಅರ್ಧ ಸೀರೆ ಆಗುವಷ್ಟರಲ್ಲಿ ಠಾಣೆಯವರೆಲ್ಲ ಕುರ್ಚಿ ಬಿಟ್ಟು ಬಂದಿದ್ದರು. ಒಂಬತ್ತೇ ನಿಮಿಷ! ಸೆರಗು ಪರದೆಯ ತುಂಬ ಹಾರಿತು. ಠಾಣೆ ಎಂಬುದನ್ನು ಮರೆತು ನಾನು ಕೂಗಿದೆನು, ಮಮತಾ ಅವರೂ ಕೂಗಿದರು. ತಾವು ಕೂಗಿದ್ದನ್ನು ಬರೆಯುವುದು ಬೇಡ ಎಂದು ಅವರು ಹೇಳಿದರು, ನಾನೇ ಬರೆಸಿದ್ದೇನೆ.

ನಂತರ ಎಂಟು ಕೋರಿನದರಲ್ಲಿ ಹಚ್ಚಿದಾಗ ಹದಿಮೂರು ನಿಮಿಷವಾಯಿತು. ಓಟದಲ್ಲಿ ನನ್ನದಕ್ಕೆ ಸಾಟಿ ಇಲ್ಲ. ಆದರೆ ನಾಲ್ಕು ನಿಮಿಷಕ್ಕೆ ದುಪ್ಪಟ್ಟು ಬೆಲೆ ನಮ್ಮ ಕೆಲಸಕ್ಕೆ ಹೆಚ್ಚಾಯಿತು. ರಫೀಕನವರು ಮೊದಲ ದಿನ ಹೇಳಿದ್ದೇ ಖರೆ. ವಾಪಸ್ ಕೊಡುವಿರಾ ಎಂದು ಸಾಹೇಬರು ಕೇಳಿದರು. ಕೊಡುವುದಿಲ್ಲ ಎಂದೆನು.

ಈ ದಿನ ಮುಂಜಾನೆ ತಪ್ಪು ನಮ್ಮದೆಂದು ಗ್ರೂಪಿನಲ್ಲಿ ಬರೆದೆನು. ಆದರೂ ಊಟದ ಹೊತ್ತಿನವರೆಗೆ ಒಬ್ಬರೂ ಅಂಗಡಿಗೆ ಹೋಗಲಿಲ್ಲ. ಕಳ್ಳ ಎಂದದ್ದು ಮುಟ್ಟಿದಷ್ಟು ಜಲ್ದಿ, ಕಳ್ಳನಲ್ಲ ಎಂದದ್ದು ಮುಟ್ಟಲಿಲ್ಲ. ಇದನ್ನು ತಿಳಿದು ಅತ್ತೆಯವರು ಊಟ ಬಿಟ್ಟು ಎದ್ದು ಹೋಗಿ, ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಾರೆ. ಅವರನ್ನು ಕರೆದೊಯ್ಯಿರಿ ಎಂದು ರಫೀಕನವರು ಫೋನ್ ಮಾಡಿದಾಗ ಹಿಂದಿನಿಂದ, "ಆರೂ ಮನಿಯವ್ರು ಬರೋತನಾ ನಾ ಏಳಂಗಿಲ್ಲ" ಎಂಬ ದನಿ ಕೇಳಿಸಿತು. ಈವರೆಗೆ ನಾಲ್ಕು ಮನೆಯವರು ಬಂದಿದ್ದಾರೆ. ಉಳಿದ ಎರಡು ಮನೆಗೆ ನಾನೇ ಹೋಗಬೇಕಾಗಿರುವುದರಿಂದ, ನನ್ನ ದೂರನ್ನು ಜಲ್ದಿ ರದ್ದು ಮಾಡಿ ನನ್ನನ್ನು ಬಿಡಲು ವಿನಂತಿ.

ನಾನು ಹೇಳಿದ್ದನ್ನೇ ಬರೆದಿದ್ದಾರೆ. ಓದಿಸಿ ಕೇಳಿದೆನು, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ.

ಸ್ಥಳ: ಬೆಟಗೇರಿ
ದಿನಾಂಕ: 12-02-2026
ಸಹಿ: ರೋಹಿಣಿ ಕಿಶೋರ ಗಂಜಿ