ಎರಡು ಸಲ ಕೂಡಿಸಿದ ಐವತ್ತು ನಿಮಿಷ

ನಿನ್ನೆ ಠಾಣೆಯ ಇದೇ ಬೆಂಚಿನಲ್ಲಿ ಕುಳಿತು, ಜನ ಒರಗಿ ಒರಗಿ ಅಕ್ಷರ ಅಳಿಸುತ್ತಾರೆಂದು ದೂರಿದೆನಲ್ಲ, ಅದೇ ಹಲಗೆಯ ವಿಷಯ. ನನ್ನ ಹೆಸರು ತಮಗೆ ಗೊತ್ತೇ ಇದೆ. ಯಾರಿಗೂ ಪಾಠ ಹೇಳದಿದ್ದರೂ ಊರವರ ಬಾಯಲ್ಲಿ ಹಲಗೆ ಮೇಷ್ಟ್ರು. ವಯಸ್ಸು ಎಪ್ಪತ್ತೊಂದು, ದೋಣಿಗಟ್ಟೆಯ ನಿವೃತ್ತ ಗುಮಾಸ್ತ, ವಿಧುರ, ವಾಸ ಕಡಲಗೋಡೆಗೆ ತಾಗಿದ ಕೊನೆಯ ಮನೆ. ಈ ಮೂಲಕ ತಿಳಿಸುವುದೇನೆಂದರೆ:

ಗೋಡೆಯ ಮೆಟ್ಟಿಲಿನಿಂದ ಕಡಲೊಳಗಿನ ಬಂಡೆಗೆ ಆರುನೂರು ಮೀಟರ್. ಇಳಿತದಲ್ಲಿ ಮರಳುದಾರಿ ತೆರೆಯುತ್ತದೆ, ಉಬ್ಬರದಲ್ಲಿ ಮುಳುಗುತ್ತದೆ. ಬಂಡೆಯಿಂದ ಹೊರಡಲು ಕೊನೆಯ ಹೊತ್ತು ಯಾವುದೆಂದು ಮೆಟ್ಟಿಲ ಬಳಿಯ ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯುವುದು ನಮ್ಮ ಮನೆಯ ಕೆಲಸ. ಹತ್ತೊಂಬತ್ತು ವರ್ಷ ನನ್ನಾಕೆ ಬರೆದಳು. ಅವಳು ಹೋದ ಮೇಲೆ, ಎಂಟು ತಿಂಗಳಿಂದ, ನಾನು. ಲೆಕ್ಕ ಸುಲಭ: ಹಿಂದಿನ ದಿನದ ಹೊತ್ತಿಗೆ ಐವತ್ತು ನಿಮಿಷ ಕೂಡಿಸಬೇಕು.

ಇವತ್ತು ಬೆಳಿಗ್ಗೆ 7.00ಕ್ಕೆ ಹಲಗೆಯಲ್ಲಿ 4.10 ಎಂದಿತ್ತು. ಅದು ನಿನ್ನೆಯದೆಂದು ತಿಳಿದು, ಒರೆಸಿ 5.00 ಎಂದು ಬರೆದೆ. ಹೊತ್ತು ಬರೆದಿಡಲು ನನ್ನಾಕೆ ನೋಟ್‌ಬುಕ್ ಇಡುತ್ತಿದ್ದಳು. ಎಲ್ಲ ತಲೆಯಲ್ಲೇ ಇದೆ ಎಂದು ನಾನು ಇಡಲಿಲ್ಲ.

ಮಧ್ಯಾಹ್ನ 3.05ಕ್ಕೆ ಪರವೂರಿನ ತಾಯಿ, ಮಗಳು ಬಂದರು. ಮಗಳಿಗೆ ಇಪ್ಪತ್ತಿರಬಹುದು. ತಾಯಿ ಎಡ ಮಂಡಿಗೆ ಪಟ್ಟಿ ಕಟ್ಟಿದ್ದರು. ಮಗಳು ಹಲಗೆ ನೋಡಿ, ಕಡಲಿಗೂ ಟೈಮ್ ಟೇಬಲ್ಲಾ ಅಜ್ಜ ಎಂದು ನಕ್ಕಳು. ರೈಲಿನ ಹಾಗಲ್ಲಮ್ಮ, ಇದು ಒಂದಿನಾನೂ ಲೇಟಾಗಲ್ಲ ಎಂದೆ. ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ: ಚಪ್ಪಲಿ ಬಿಚ್ಚಬೇಡಿ, ಚಿಪ್ಪು ಕಾಲು ಕೊಯ್ಯುತ್ತದೆ, ಪಾಚಿ ತುಳಿಯಬೇಡಿ, ದಾರಿ ಮುಳುಗಿದರೆ ನೀರಿಗಿಳಿಯಲೇಬೇಡಿ, ಬಂಡೆಯ ತುದಿಯ ಬಿಳಿ ಗುರುತಿಗೆ ಹತ್ತಿ ಕೂತು, ಕತ್ತಲಾದ ಮೇಲೆ ಫೋನಿನ ಟಾರ್ಚನ್ನು ಊರ ಕಡೆ ಹಿಡಿಯಿರಿ. ತಾಯಿ, ಈ ಮಂಡಿಯಲ್ಲಿ ನಾನು ಹತ್ತಿದ ಹಾಗೇ ಇದೆ ಎಂದರು. ಐದರೊಳಗೆ ಹೊರಟರೆ ಹತ್ತುವ ಪ್ರಮೇಯವೇ ಇಲ್ಲ, ನಿಧಾನಕ್ಕೆ ಹೋಗಿ ಬನ್ನಿ ಎಂದೆ. ನಿಧಾನಕ್ಕೆ ಎಂದವನು ನಾನೇ.

4.25ಕ್ಕೆ ನೀರು ಕುಡಿಯಲು ಒಳಗೆ ಹೋದಾಗ ಸೊಸೆ, ಸೊಂಟ ಹೇಗಿದೆ ಮಾವ, ನೀವು ಬಗ್ಗೋದು ಬೇಡ ಅಂತ ಬೆಳಿಗ್ಗೆ ಆರೂವರೆಗೇ ಹಲಗೆ ನಾನೇ ತಿದ್ದಿದೆ ಎಂದಳು. ಲೋಟ ಕೈಬಿಟ್ಟು ಓಡಿದೆ. ದಾರಿ ನಡುವಿನ ಗುರುತುಗಲ್ಲು ಮುಳುಗಿತ್ತು. ಇಬ್ಬರೂ ಬಂಡೆಯ ಬುಡದಲ್ಲಿದ್ದರು. ಮೇಲೆ ಹತ್ತಿ ಎಂದು ಕೂಗಿದೆ. ಎದುರುಗಾಳಿ. ಮಗಳು ಟಾಟಾ ಮಾಡುವ ಹಾಗೆ ಕೈ ಬೀಸಿದಳು.

4.40ಕ್ಕೆ ಠಾಣೆಗೆ ಬಂದೆ. 5.10ಕ್ಕೆ ಹೊರಟ ದೋಣಿ ಅಲೆ ಹೆಚ್ಚಾಗಿ ಬಂಡೆಗೆ ತಾಗಲಾಗದೆ 5.50ಕ್ಕೆ ಮರಳಿತು. ಬುಡದಲ್ಲಿ ಯಾರೂ ಇಲ್ಲ ಎಂದು ದೋಣಿಯವನು ಹೇಳಿದ. ಹತ್ತಿದರೋ, ನೀರಿಗಿಳಿದರೋ ಅವನಿಗೆ ತಿಳಿಯದು. ಸೂರ್ಯ ಎದುರಿಗಿದ್ದು ನಮಗೂ ಬಂಡೆ ಬರೀ ಕರಿ ಗುಡ್ಡೆಯಾಗಿ ಕಂಡಿತು.

ಸೊಸೆಯ ತಪ್ಪೇ ಎಂದು ತಾವು ಕೇಳಿದಿರಿ. ಅವಳು ಬರೆದದ್ದು ಸರಿ. ಸರಿಯನ್ನು ಒರೆಸಿದ ಕೈ ನನ್ನದು. ದುರುದ್ದೇಶವಿಲ್ಲದ ತಪ್ಪಿಗೆ ಬೋನಾಫೈಡ್ ಮಿಸ್ಟೇಕ್ ಅಂತಲೋ ಏನೋ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅದನ್ನು ನನ್ನ ಪರವಾಗಿ ಬರೆಯಬೇಡಿ.

ಇಲ್ಲಿಗೆ ಸಾಕು. ಬೆಳಕು ಹೋಗುತ್ತಿದೆ, ಕಾಗದದ ಗೆರೆಯೂ ಕಾಣುತ್ತಿಲ್ಲ. ಬೇಡ, ಸ್ವಿಚ್ ಒತ್ತಬೇಡಿ. ಒಳಗೆ ದೀಪ ಹಾಕಿದರೆ ಕಿಟಕಿಯಲ್ಲಿ ನಮ್ಮ ಮುಖವೇ ಕಾಣುತ್ತದೆ, ಬಂಡೆಯ ಮೇಲಿನ ಟಾರ್ಚ್ ಕಾಣುವುದಿಲ್ಲ. ಇಷ್ಟೂ ನಿಜ, ನನ್ನ ಬಾಯಿಂದಲೇ ಬಂದದ್ದು. ಓದಿ ಹೇಳುವುದು ಆಮೇಲಾಗಲಿ. ಎಲ್ಲಿ ಎಂದು ಬೆರಳಿಟ್ಟು ತೋರಿಸಿ, ಸಹಿ ಕತ್ತಲಲ್ಲೇ ಹಾಕುತ್ತೇನೆ.

ಸ್ಥಳ: ಠಾಣೆ, ಕಡಲ ಕಡೆಯ ಕಿಟಕಿ
ದಿನಾಂಕ: 14, ಸಂಜೆ 6.35
ಸಹಿ